ಚಂಪಿಗೆ ಕೊಡಬೇಕಿದ್ದ ವಾಕ್ಯ

ನಮ್ಮೂರಿಗೆ ಬರುವ ಬಸ್ಸು ಹಳ್ಳದ ಸೇತುವೆ ದಾಟುತ್ತಲೇ ಕಂಡಕ್ಟರ್ ಎದ್ದು ನಿಂತು ಕೂಗುತ್ತಾನೆ: "ಇಂಗ್ಲಿಷ್ ಬರೋರು ಯಾರದೀರಿ? ಇಲ್ಲಿಂದ ಮುಂದ ಬಾಯಿ ಹುಷಾರ್ರಿ. ಕನ್ನಡದಾಗ ಬೇಕಾದ್ದು ಬೈಕೋರಿ, ನಡೀತೈತಿ." ಹೊರಗಿನವರು ನಗುತ್ತಾರೆ. ನಗಲಿ. ಹೋದ ವರ್ಷ ಹೀಗೇ ನಕ್ಕ ಸೋಪು ಮಾರುವವನೊಬ್ಬ ಊರ ಬಾವಿಯಲ್ಲಿ ಇಣುಕಿ, ಜೊತೆಗಾರನಿಗೆ 'ದಿ ವೆಲ್ ಲುಕ್ಸ್ ಎಂಪ್ಟಿ' ಅಂದುಬಿಟ್ಟ. ಅವತ್ತಿನಿಂದ ನೋಡಿದವರ ಕಣ್ಣಿಗೆ ನಮ್ಮ ಬಾವಿ ಬತ್ತಿದ ಬಾವಿ. ತಳದ ಬಿರುಕು ಕಾಣುತ್ತದೆ, ಯಾರೋ ಬೀಳಿಸಿದ ತಂಬಿಗೆ ಕಾಣುತ್ತದೆ. ಹಗ್ಗ ಬಿಟ್ಟರೆ ಮಾತ್ರ ಕೊಡ ತುಂಬಿಕೊಂಡು ಬರುತ್ತದೆ. ಹೆಂಗಸರು ಒಂದೆರಡು ವಾರ ಹೆದರಿದರು, ಆಮೇಲೆ ಕಣ್ಣು ಮುಚ್ಚಿಕೊಂಡು ನೀರು ಸೇದುವುದನ್ನು ರೂಢಿ ಮಾಡಿಕೊಂಡರು. "ಪುಣ್ಯಾತ್ಮ ಲುಕ್ಸ್ ಅಂದ. ಈಸ್ ಅಂದಿದ್ರ ಏನ್ ಮಾಡಬೇಕಿತ್ತು?" ಎಂದು ಆ ಸೋಪಿನವನಿಗೆ ಕೈ ಮುಗಿದವರೂ ಇದ್ದಾರೆ.

ಬೇರೆ ಊರಿನ ಮಕ್ಕಳಿಗೆ ಯಾವ ಹಾವಿಗೆ ವಿಷ, ಯಾವುದಕ್ಕಿಲ್ಲ ಅಂತ ಗೊತ್ತಿರುತ್ತದಲ್ಲ, ನಮ್ಮಲ್ಲಿ ಇಂಗ್ಲಿಷಿನ ಕ್ರಿಯಾಪದ ಹಾಗೆ. ಶಾಲೆಯಲ್ಲಿ ಅವುಗಳಿಗೆ ಲಿಂಕಿಂಗ್ ವರ್ಬ್ ಅನ್ನುತ್ತಾರೆ, ನಮ್ಮ ಓಣಿಯಲ್ಲಿ ಗಂಟುಪದ. ಹೆಬ್ಬೆಟ್ಟು ಒತ್ತುವ ನಮ್ಮವ್ವ ಕೂಡ ರೊಟ್ಟಿ ಬಡಿಯುತ್ತ ಆಮ್, ಈಸ್, ಆರ್, ವಾಸ್, ವರ್, ಬಿಕಮ್, ಸೀಮ್, ಫೀಲ್, ಟೇಸ್ಟ್, ರಿಮೇನ್ ಅಂತ ತಪ್ಪಿಲ್ಲದೆ ಒಪ್ಪಿಸುತ್ತಾಳೆ. ಕೆಲವು ಪದಗಳದು ಕಳ್ಳಾಟ. ಟರ್ನ್ ಅನ್ನುವುದನ್ನೇ ನೋಡಿ. ಬಸ್ಸು ಮೂಲೆಯಲ್ಲಿ ಟರ್ನ್ ಆದರೆ ಯಾರಿಗೂ ಏನೂ ಆಗುವುದಿಲ್ಲ, ಹಾಲು ಹುಳಿಗೆ ಟರ್ನ್ ಆಯಿತು ಎಂದು ಯಾರಾದರೂ ಅಂದರೆ ಇಡೀ ಓಣಿಯ ಹಾಲು ಒಡೆಯುತ್ತದೆ. ಗುರುತು ಹಿಡಿಯುವುದು ಹೇಗೆಂದರೆ, ಆ ಪದ ಕಿತ್ತು ಅಲ್ಲಿ ಈಸ್ ಇಟ್ಟು ನೋಡಬೇಕು. ಬಸ್ ಈಸ್ ಕಾರ್ನರ್, ವಾಕ್ಯ ಬಿದ್ದುಹೋಯಿತು, ವಿಷವಿಲ್ಲ. ಮಿಲ್ಕ್ ಈಸ್ ಸೋರ್, ವಾಕ್ಯ ನಿಂತಿತು, ದೂರ ಸರಿ. ಇನ್ನು ಸೀಮ್ ಅನ್ನುವುದು ಪಾಪದ್ದು, ಸಂಜೆಯವರೆಗಷ್ಟೇ ಅದರ ಕಾರುಬಾರು. ಮದುವೆಯ ದಿನ ನಮ್ಮೂರ ಗಿಡ್ಡ ಗಂಡುಗಳು 'ಹೀ ಸೀಮ್ಸ್ ಟಾಲ್' ಅನ್ನಿಸಿಕೊಂಡು ಹಸೆಗೆ ಏರುತ್ತಾರೆ. ಅದಕ್ಕೇ ಇಲ್ಲಿ ಗೋಧೂಳಿ ಲಗ್ನ ಇಡುವುದಿಲ್ಲ.

ನಾನು ಈ ಪದಗಳನ್ನು ಗುರುತು ಹಿಡಿಯಲಾರದೆ ಏಳನೇ ಇಯತ್ತೆಯಲ್ಲಿ ಶಾಲೆಯಿಂದ ಹೊರಬಿದ್ದವನು. ಹೆಡ್‌ಮಾಸ್ತರ್ ಗುಡಸಲಮನಿಯವರು ಬೋರ್ಡಿನ ಮೇಲೆ 'ದಿ ಫಾರ್ಮರ್ ಗ್ರ್ಯೂ ಆನಿಯನ್ಸ್' ಎಂದು ಬರೆದು ನನ್ನನ್ನು ಎಬ್ಬಿಸಿದರು. ಅವತ್ತು ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದು ಹಿಂದಿನ ಕುರ್ಚಿಯಲ್ಲಿ ಕೂತಿದ್ದರು.

"ಇದರಾಗ ಗಂಟುಪದ ಐತೇನೋ ದುಂಡ್ಯಾ?"

"ಐತ್ರಿ ಸರ. ಗ್ರ್ಯೂ."

"ಲೇ, ಅಲ್ಲಿ ಈಸ್ ಇಟ್ಟು ನೋಡೋ. ರೈತ ಉಳ್ಳಾಗಡ್ಡಿ ಅಂತಾತು. ರೈತ ಏನು ಉಳ್ಳಾಗಡ್ಡೀನಾ?"

ಕ್ಲಾಸೆಲ್ಲ ಹೋ ಅಂತ ನಕ್ಕಿತು. ನನಗೆ ಕಿವಿ ಬಿಸಿಯಾಯಿತು. "ಹೌದಲ್ರಿ ಸರ," ಅಂದೆ. "ಬಂದಾವ್ರೆಲ್ಲಾ ಒಂದೊಂದು ಸಿಪ್ಪಿ ಸುಲದ ಹೋಗ್ತಾರ. ಕಣ್ಣಾಗಿನ ನೀರು ಮಾತ್ರ ಅವನ್ವು."

ಈ ಸಲ ಯಾರೂ ನಗಲಿಲ್ಲ. ಸಾಹೇಬರು ನಿಧಾನ ಎದ್ದು ಬಂದು, ನನ್ನ ಹೆಸರು ಕೇಳಿ, ಬಹಳ ಮರ್ಯಾದೆಯಿಂದ, ಒಂದಿಷ್ಟೂ ದನಿ ಏರಿಸದೆ, 'ದುಂಡಪ್ಪ ಈಸ್ ಎ ಫೇಲ್ಯೂರ್' ಎಂದರು. ನಾನು 'ಯಸ್ ಸರ್' ಅಂದೆ. ಸಾಹೇಬರು ಮಾತಾಡಿದರೆ ಹಾಗೆ ಅನ್ನುವುದು ನಮಗೆಲ್ಲ ಸೀನು ಬಂದಷ್ಟೇ ಸಹಜ.

ಅವತ್ತಿನಿಂದ ನಾನು ಹಿಡಿದ ಯಾವ ಕೆಲಸವೂ ಕೊನೆ ಮುಟ್ಟುವುದಿಲ್ಲ. ಗೋಡೆ ಕಟ್ಟಿದರೆ ಮೇಲಿನ ಸಾಲು ಕೂಡುವುದಿಲ್ಲ. ಬಾವಿಗೆ ಬಿಟ್ಟ ಹಗ್ಗ ಅರ್ಧಕ್ಕೆ ಹರಿಯುತ್ತದೆ. ಕೊನೆಗೆ ಮೈಕ್ ಸೆಟ್ಟಿನ ಧಂದೆ ಹಿಡಿದೆ. ಅದೂ ಅಷ್ಟೇ, ಕಾರ್ಯಕ್ರಮ ಅರ್ಧಕ್ಕೆ ಬರುತ್ತಲೇ ಮೈಕು ಗಪ್ಪಾಗುತ್ತದೆ. ಊರ ಜನ ಏನು ಕಡಿಮೆಯವರೇ? ಉದ್ದುದ್ದ ಭಾಷಣ ಮಾಡುವವರು ಯಾರಾದರೂ ಬರುತ್ತಾರೆ ಅಂದರೆ ನನ್ನದೇ ಸೆಟ್ಟು ಬೇಕೆಂದು ಹುಡುಕಿಕೊಂಡು ಬರುತ್ತಾರೆ. "ನಮ್ಮ ದುಂಡ್ಯಾ ಇದ್ರ ಊಟಕ್ಕ ಹೊತ್ತಾಗೂದಿಲ್ಲ ನೋಡ" ಎಂದು ಬೆನ್ನು ತಟ್ಟುತ್ತಾರೆ. ಆ ತಟ್ಟುವ ಕೈಗಳನ್ನು ಒಂದೊಂದಾಗಿ ಮುರಿಯಬೇಕು ಅನಿಸುತ್ತದೆ. ನಾನೇನು ನಿಮ್ಮ ಊಟದ ಗಂಟೆಯೇ?

ನನ್ನ ಮಾತು ಬಿಡಿ. ನಾನು ಹೇಳಹೊರಟದ್ದು ನನ್ನ ತಂಗಿ ಚಂಪಿಯ ಮಾತು.

ಹತ್ತನೇ ಇಯತ್ತೆ ಮುಗಿಸಿದ ಪ್ರತಿಯೊಬ್ಬರಿಗೂ ನಮ್ಮೂರಲ್ಲಿ ನಡತೆಯ ವಾಕ್ಯ ಕೊಡುತ್ತಾರೆ. ಬೇರೆ ಕಡೆ ಅದನ್ನು ಕಾಗದದಲ್ಲಿ ಬರೆದು ಕೊಡುತ್ತಾರಂತೆ, ನೀವು ಮಡಚಿ ಪೆಟ್ಟಿಗೆಯಲ್ಲಿಟ್ಟು ಮರೆಯಬಹುದಂತೆ. ಇಲ್ಲಿ ಇನ್‌ಸ್ಪೆಕ್ಟರ್ ಸಾಹೇಬರು ಬಯಲಿನಲ್ಲಿ ಎಲ್ಲರೆದುರು ಬಾಯಿಬಿಟ್ಟು ಅನ್ನುತ್ತಾರೆ, ಅಂದದ್ದು ಅಂಟಿಕೊಳ್ಳುತ್ತದೆ. ಶುಕ್ರವಾರ ವಾಕ್ಯದ ಕಾರ್ಯಕ್ರಮ ಅನ್ನುವಾಗ, ಅದರ ಹಿಂದಿನ ಸೋಮವಾರ ಗುಡಸಲಮನಿ ಮಾಸ್ತರರು ನಮ್ಮ ಮನೆಗೇ ಬಂದರು.

"ತುಂಗವ್ವ, ನಿನ್ನ ಮಗಳಿಗಂತ ಸಾಹೇಬರಿಗೆ ಭಾಳ ಛಲೋ ವಾಕ್ಯ ಹೇಳಿಟ್ಟೀನಿ," ಎಂದು ಚಹಾದ ಬಟ್ಟಲು ಹಿಡಿದು ಅವ್ವನಿಗೆ ಹೇಳಿದರು. "ಶೀ ಈಸ್ ಒಬೀಡಿಯೆಂಟ್. ಅಂದ್ರ, ಹೇಳಿದ ಮಾತು ಕೇಳಾಕಿ. ಎಣ್ಣಿ ಗಾಣದ ಮನ್ಯಾಗಿಂದ ಹೆಣ್ಣು ಕೇಳಾಕತ್ತಾರ. ಇಂಥಾ ವಾಕ್ಯದ ಹುಡುಗೀನ ಬೇಕಂತ."

ಅವ್ವನ ಮುಖ ಅರಳಿತು. ಮಾಸ್ತರರ ಈ ಅಕ್ಕರೆಯ ಕಾರಣ ನನಗೆ ಗೊತ್ತಿತ್ತು. ಗಂಟುಪದ ಗುರುತಿಸುವುದರಲ್ಲಿ ಚಂಪಿಯನ್ನು ಮೀರಿಸುವವರು ಶಾಲೆಯಲ್ಲೇ ಇರಲಿಲ್ಲ. ಒಮ್ಮೆ ಪ್ರಾರ್ಥನೆಯ ಹೊತ್ತಿಗೆ ಮಾಸ್ತರರು ನಾಳೆಯ ರಜೆ ಸಾರಲು ಹೋಗಿ 'ದಿ ಸ್ಕೂಲ್ ರಿಮೇನ್ಸ್' ಎಂದು ಶುರು ಮಾಡಿದ್ದರು. ಮುಂದಿನ 'ಕ್ಲೋಸ್ಡ್' ಬಾಯಿಂದ ಬಿದ್ದಿದ್ದರೆ ಶಾಲೆಯ ಬಾಗಿಲು ಇವತ್ತಿಗೂ ತೆಗೆಯುತ್ತಿರಲಿಲ್ಲ. ಚಂಪಿ ಸಾಲಿನಿಂದಲೇ "ಸರ್, ಗಂಟುಪದ!" ಎಂದು ಕಿರುಚಿದ್ದಳು. ಹುಡುಗರೆಲ್ಲ ಅವಳಿಗೆ ಹಿಡಿಶಾಪ ಹಾಕಿದರು, ಮಾಸ್ತರರು ಥ್ಯಾಂಕ್ಸ್ ಎಂದರು. ಆ ಥ್ಯಾಂಕ್ಸು ಇವತ್ತು ಈ ರೂಪದಲ್ಲಿ ಮನೆಗೆ ಬಂದು ಚಹಾ ಕುಡಿಯುತ್ತಿತ್ತು.

ಒಬೀಡಿಯೆಂಟ್ ಅಂದರೇನು ಎಂದು ನಮ್ಮ ಮನೆಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಮ್ಮವ್ವನ ತಂಗಿ ಕಾಶವ್ವ, ನನ್ನ ಚಿಗವ್ವ, ಗಂಡ ತೀರಿದ ಮೇಲೆ ನಮ್ಮಲ್ಲೇ ಇದ್ದಾಳೆ. ಅವಳಿಗೂ ಅದೇ ವಾಕ್ಯ. ಕೂಡು ಅಂದರೆ ಕೂತಾಳು, ಏಳು ಅಂದರೆ ಎದ್ದಾಳು. ಯಾರಿಗೆ ಅಂದದ್ದು ಅನ್ನುವುದು ಅವಳಿಗೆ ಮುಖ್ಯವಲ್ಲ. ಒಮ್ಮೆ ಓಣಿಯ ಹುಡುಗರು ನಾಯಿಗೆ "ಕೂಡಲೇ!" ಎಂದು ಗದರಿಸಿದರು. ನಾಯಿ ಕೂಡಲಿಲ್ಲ. ತುಂಬಿದ ಕೊಡ ಹೊತ್ತು ಬರುತ್ತಿದ್ದ ಚಿಗವ್ವ ರಸ್ತೆಯ ನಡುವೆ, ಕೆಸರಿನಲ್ಲಿ, ಕೂತುಬಿಟ್ಟಳು. ಯಾರಾದರೂ ಏಳು ಅನ್ನುವವರೆಗೆ ಹಾಗೇ ಕೂತಿದ್ದಳು, ಮುಖದ ಮೇಲೊಂದು ನಗೆ ಇಟ್ಟುಕೊಂಡು. ಬಾವಿಗೆ ಹೋಗುವಾಗ ಅವಳ ಕಿವಿಗೆ ಅರಳೆ ತುರುಕಿ ಕಳಿಸುವುದು ಅವ್ವನ ರೂಢಿ.

ಮಾಸ್ತರರು ಹೋದ ಮೇಲೆ ನಾನು ಅವ್ವನ ಮೇಲೆ ಹರಿಹಾಯ್ದೆ. "ಕಣ್ಣ ಮುಂದ ಚಿಗವ್ವನ್ನ ನೋಡ್ಕೋಂತನೂ ಹೂಂ ಅಂದೀಯಲ್ಲ ಯವ್ವಾ!"

"ನೋಡೀನಿ, ಅದಕ್ಕ ಹೂಂ ಅಂದೀನಿ," ಅಂದಳು ಅವ್ವ. "ಕಾಶೀಗೆ ಅಕಿ ಗಂಡ ಒಂದ ದಿನ ಕೈ ಎತ್ತಲಿಲ್ಲ. ಯಾಕ ಎತ್ತ್ಯಾನು? ನನಗ ನಿಮ್ಮಪ್ಪ ಇರೋತನಕ ಎಷ್ಟ ಬಡದಾನ ಗೊತ್ತೈತೇನು? ನಾ ಎದುರು ಮಾತಾಡ್ತಿದ್ನಿ. ನಿನಗ ವಾಕ್ಯ ಸಿಕ್ಕಿದ್ದೂ ಎದುರು ಮಾತಾಡೇ. ಇಕೀದರ ನೆಟ್ಟಗಾಗಲಿ."

ಸಿಟ್ಟಿನಿಂದ ಹೊರಗೆ ಹೋಗಿ ಚಂಪಿಯ ಎದುರು ನಿಂತೆ. ಅವಳು ಕಟ್ಟೆಯ ಮೇಲೆ ಕೂತು ಹುಣಸೆಬೀಜ ಕಡಿಯುತ್ತಿದ್ದಳು.

"ನಡಿ, ಊರು ಬಿಟ್ಟು ಹೋಗೂಣು."

"ನಿನ್ನ ಜೋಡಿ? ಸೇತುವೆ ಮ್ಯಾಲೆ ಬಸ್ ಕೆಟ್ಟು ನಿಲ್ತೈತಿ."

"ನಗಚಾಟಿಗಿ ಮಾಡಬ್ಯಾಡ. ಶುಕ್ರವಾರ ನೀ ಚಿಗವ್ವ ಆಗ್ತೀ."

ಅವಳು ಬೀಜ ಉಗುಳಿ ನನ್ನನ್ನೇ ನೋಡಿದಳು. "ಗೊತ್ತೈತಿ," ಅಂದಳು. "ನಾ ಓಡಿ ಹೋದ್ರ ನನ್ನ ಜಾಗದಾಗ ಇನ್ನೊಬ್ಬಾಕಿಗೆ ಅದನ್ನ ಅಂತಾರ. ಗಾಣದ ಮನಿಯವರಿಗೆ ಬೇಕಾಗಿದ್ದು ವಾಕ್ಯ, ನಾನಲ್ಲ."

"ಮತ್ತ ಏನ್ ಮಾಡ್ತಿ?"

"ಗೊತ್ತಿಲ್ಲ ಬಿಡ. ನೀ ಚೀರಬ್ಯಾಡ, ಚಿಗವ್ವ ಒಳಗದಾಳ."

ಅವಳಿಗೆ ಗೊತ್ತಿಲ್ಲದಿದ್ದರೇನು, ನನಗೊಂದು ದಾರಿ ಗೊತ್ತಿತ್ತು. ಶುಕ್ರವಾರದ ಕಾರ್ಯಕ್ರಮಕ್ಕೆ ನನ್ನ ಮೈಕನ್ನೇ ಹಾಕಬೇಕೆಂದು ಮಾಸ್ತರರ ಹತ್ತಿರ ಗೋಗರೆದೆ. ಸಾಹೇಬರ ಸ್ವಾಗತ ಭಾಷಣಗಳು ಉದ್ದವಾಗದಿರಲಿ ಎಂದು ಅವರಿಗೂ ಇತ್ತೇನೋ, ಒಪ್ಪಿದರು. ನನ್ನ ಲೆಕ್ಕ ಸರಳ. ವಾಕ್ಯ ಕೊಡುವ ನಡುವೆ ಮೈಕು ಕೆಡುತ್ತದೆ, ಸಾಹೇಬರ ಮೆತ್ತಗಿನ ದನಿ ಬಯಲಿನಲ್ಲಿ ಯಾರಿಗೂ ಕೇಳುವುದಿಲ್ಲ, ಕಾರ್ಯಕ್ರಮ ಮುಂದಕ್ಕೆ ಹೋಗುತ್ತದೆ. ಜೀವನದಲ್ಲಿ ಮೊದಲ ಸಲ ನನ್ನ ವಾಕ್ಯ ನನ್ನ ಪರವಾಗಿ ದುಡಿಯಲಿ ಎಂದುಕೊಂಡೆ.

ಶುಕ್ರವಾರ ಶಾಲೆಯ ಬಯಲಿನಲ್ಲಿ ಊರೇ ನೆರೆದಿತ್ತು. ಹೊಸ ಅಂಗಿ, ಹೂವಿನ ದಂಡೆ, ತಿನ್ನಲು ಮಂಡಾಳದ ಪೊಟ್ಟಣ. ಅವ್ವ ಮತ್ತು ಚಿಗವ್ವ ಮುಂದಿನ ಸಾಲಿನಲ್ಲಿ ಕೂತರು. ಸಾಹೇಬರು ಮೇಜಿನ ಮೇಲಿನ ಸೋಡಾ ಗುಟುಕರಿಸಿ, ಮೊದಲ ಹುಡುಗನ ಹೆಸರು ಕರೆಸಿ, 'ಹೀ ಈಸ್ ಪಂಕ್ಚುಯಲ್' ಎಂದರು. ಹುಡುಗ ಯಸ್ ಸರ್ ಅಂದ, ಜನ ಚಪ್ಪಾಳೆ ತಟ್ಟಿದರು, ಅವನು ಆಗಲೇ ಗಡಿಯಾರದ ಕಡೆ ನೋಡುತ್ತ ಕೆಳಗಿಳಿದ. ಎರಡನೆಯವಳಿಗೆ 'ಆವರೇಜ್' ಬಂತು. ಅವಳ ತಾಯಿ ಅತ್ತಳು, ತಂದೆ ಸದ್ಯ ಬಚಾವಾದೆವು ಎಂದ. ಹೀಗೆ ನಡೆಯುತ್ತ ಚಂಪಿಯ ಸರದಿ ಬರುವ ಹೊತ್ತಿಗೆ ಮೈಕು ಕೊಂಯ್ ಎಂದು ಕೂಗಿ ಸತ್ತಿತು. ಗೆದ್ದೆ ಎಂದುಕೊಂಡೆ. ಸಾಹೇಬರು ಏನು ಮಾಡಿದರು ಗೊತ್ತೇ? ಮೈಕಿನ ಕಂಬವನ್ನು ಎರಡು ಬೆರಳಿನಿಂದ ಪಕ್ಕಕ್ಕೆ ಸರಿಸಿ, ಜನರಿಗೆ ಸುಮ್ಮನಿರಿ ಎಂದು ಕೈ ಮಾಡಿದರು. ಅಷ್ಟೇ. ಇಡೀ ಊರು ಉಸಿರು ಹಿಡಿದು ಕೂತಿತು. ನನ್ನ ಸೋಲು ಕೂಡ ಅವರಿಗೇ ಅನುಕೂಲವಾಯಿತು.

ಚಂಪಿ ಮೇಲೆ ಹತ್ತಿ ನಿಂತಳು. ಸಾಹೇಬರು ಅವಳ ಮುಖ ನೋಡದೆ ಅಂದರು: "ಚಂಪಾವತಿ ಈಸ್ ಒಬೀಡಿಯೆಂಟ್."

ಚಂಪಿ ಸುಮ್ಮನಿದ್ದಳು.

ಮೊದಲು ಯಾರಿಗೂ ಏನಾಯಿತು ಎಂದು ತಿಳಿಯಲಿಲ್ಲ. ಚಪ್ಪಾಳೆಗೆ ಎತ್ತಿದ ಕೈಗಳು ಹಾಗೇ ನಿಂತವು. ಸಾಹೇಬರು ಅವಳಿಗೆ ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಅಂದರು. ಅವಳು ತುಟಿ ಬಿಗಿಹಿಡಿದು ನಿಂತೇ ಇದ್ದಳು. ಹತ್ತು ವರ್ಷ ಕಲಿತ ಯಸ್ ಸರ್ ಬಾಯೊಳಗೇ ಒದ್ದಾಡುತ್ತಿತ್ತು. ಬಾವಿಗೆ ಬಾಯಿಲ್ಲ, ಅಂದದ್ದು ಅಂಟಿತು, ಮನುಷ್ಯರಿಗೆ ಅಂಟುವುದು ಯಸ್ ಸರ್ ಅಂದ ಮೇಲೆ ಎಂದು ನನಗೆ ಅವತ್ತೇ ಹೊಳೆದದ್ದು.

"ಅನ್ನವ್ವಾ," ಎಂದು ಮಾಸ್ತರರು ಹಲ್ಲು ಕಚ್ಚಿ ಪಿಸುಗುಟ್ಟಿದರು. "ಯಸ್ ಸರ್ ಅನ್ನು."

"ಅನ್ನಬ್ಯಾಡ!" ಎಂದು ನಾನು ಮೈಕಿನ ಪೆಟ್ಟಿಗೆಯ ಹಿಂದಿನಿಂದ ಒದರಿದೆ.

"ದುಂಡ್ಯಾ, ಬಾಯಿ ಮುಚ್ಚಲೇ! ನಿನಗ ವಾಕ್ಯ ಸಿಕ್ಕಿದ್ದು ಸಾಲಲಿಲ್ಲೇನು?"

"ಇನ್ನೊಂದು ಕೊಡಸ್ರಿ ಸರ! ಜಾಗಾ ಐತಿ!"

ಮಾಸ್ತರರ ಮುಖ ಕೆಂಪಾಯಿತು. ಮೇಜಿನ ಕೆಳಗಿನ ಬೆತ್ತ ಎಳೆದುಕೊಂಡು ಚಂಪಿಯ ಮುಂದೆ ನಿಂತು ಗುಡುಗಿದರು: "ಕೈ ಮುಂದ ಮಾಡು!"

ವಾಕ್ಯ ಅಂಟಿದ್ದರೆ ಕೈ ಮುಂದೆ ಬರಲೇಬೇಕಿತ್ತು. ಊರೆಲ್ಲ ಕತ್ತು ಉದ್ದ ಮಾಡಿ ನೋಡಿತು. ಚಂಪಿ ತನ್ನ ಎರಡೂ ಕೈಗಳನ್ನು ಒಮ್ಮೆ ನೋಡಿಕೊಂಡಳು, ಅವು ತನ್ನವೇ ಹೌದೋ ಅಲ್ಲವೋ ಎಂಬಂತೆ. ಆಮೇಲೆ ನಿಧಾನ ಬೆನ್ನ ಹಿಂದೆ ಕಟ್ಟಿಕೊಂಡಳು.

ಆದರೆ ಒಂದು ಕೈ ಮುಂದೆ ಬಂದಿತ್ತು. ಮುಂದಿನ ಸಾಲಿನಲ್ಲಿ ನಮ್ಮ ಚಿಗವ್ವ ಅಂಗೈ ಚಾಚಿ ಕೂತಿದ್ದಳು. ಅದೇ ನಗೆ. ಹಿಟ್ಟಿನ ಗೆರೆ ಇನ್ನೂ ಉಗುರಿನಲ್ಲಿದ್ದ ಅಂಗೈ, ಬೆತ್ತಕ್ಕೆ ಕಾಯುತ್ತ. ಎಲ್ಲರೂ ನೋಡಿದರು. ಅವ್ವ ನೋಡಿದಳು. ಅವಳು ಸರಕ್ಕನೆ ತಂಗಿಯ ಕೈ ಹಿಡಿದು ತನ್ನ ಸೆರಗಿನಲ್ಲಿ ಮುಚ್ಚಿದಳು, ಆ ಸೆರಗನ್ನು ಎರಡೂ ಕೈಯಿಂದ ಒತ್ತಿ ಹಿಡಿದಳು, ತಲೆ ಎತ್ತಲಿಲ್ಲ.

"ವಾಟ್ ಈಸ್ ದಿಸ್?" ಎಂದರು ಸಾಹೇಬರು.

"ಇಕೀಗೆ ವಾಕ್ಯ ಇಲ್ಲ!" ಎಂದು ಮಾಸ್ತರರು ಸಾರಿದರು. "ಇಕಿ ಯಾರು, ಎಂಥಾಕಿ ಅಂತ ಈ ಊರಾಗ ಯಾರಿಗೂ ಗೊತ್ತಿಲ್ಲ. ಕೆಲಸ ಕೊಡಬ್ಯಾಡ್ರಿ, ಹೆಣ್ಣು ತರಬ್ಯಾಡ್ರಿ. ಇಳಿ ಕೆಳಗ!"

ಚಂಪಿ ಇಳಿಯಲಿಲ್ಲ. ಇಳಿ ಅಂದದ್ದಕ್ಕೇ ಇಳಿಯಲಿಲ್ಲ ಅಂತ ಆಮೇಲೆ ನನಗೆ ಹೇಳಿದಳು. ಅವಳು ಅಲ್ಲೇ ಒಂದು ಬದಿಗೆ ನಿಂತಿರುವಾಗಲೇ ಮುಂದಿನ ಹೆಸರು ಕರೆದರು. ಕಲಾಯಿ ಹಾಕುವ ಖಾಸೀಮಸಾಬರ ಮಗ ಮೌಲಾಲಿ. ಸಾಹೇಬರು ಬೆವರು ಒರೆಸಿಕೊಂಡು, ಹಾಳಾದ ಕಾರ್ಯಕ್ರಮವನ್ನು ಸರಿಪಡಿಸುವವರಂತೆ, ಅವನಿಗೆ ಇದ್ದುದರಲ್ಲೇ ಚಂದದ ವಾಕ್ಯ ಕೊಟ್ಟರು: "ಮೌಲಾಲಿ ಈಸ್ ಆನೆಸ್ಟ್." ಪ್ರಾಮಾಣಿಕ. ಇಂಥ ವಾಕ್ಯ ಸಿಕ್ಕವನ ಅಂಗಡಿಗೆ ಜನ ಪಾತ್ರೆ ಕೊಟ್ಟು ಹಿಂದೆ ತಿರುಗಿ ನೋಡುವುದಿಲ್ಲ. ಖಾಸೀಮಸಾಬರು ಕೂತಲ್ಲಿಂದ ಎದ್ದು ಎರಡೂ ಕೈ ಮೇಲೆತ್ತಿದರು.

ಮೌಲಾಲಿ ಸಾಹೇಬರನ್ನು ನೋಡಿದ. ಬದಿಗೆ ನಿಂತ ಚಂಪಿಯನ್ನು ನೋಡಿದ. ಬಾಯಿ ತೆರೆಯಲಿಲ್ಲ.

"ಬೋಲೋ ಬೇಟಾ! ಛಲೋ ವಾಕ್ಯ ಐತೋ ಹುಚ್ಚಪ್ಯಾಲಿ!" ಎಂದು ಅವನಪ್ಪ ಅಂಗಲಾಚಿದರು.

"ಅಬ್ಬಾಜಾನ್, ಅದು ಮೊದಲ ನಂದ ಇತ್ತಲ್ಲ," ಅಂದ ಮೌಲಾಲಿ. "ಅವರು ಕೊಟ್ರಂತ ಅನಸ್ಕೋಬೇಕೇನು?"

ಖಾಸೀಮಸಾಬರು ಕೈ ಇಳಿಸಿ ಕೂತರು. ಕೂತವರು ಪಕ್ಕದವನಿಗೆ, "ಮಾತು ನೋಡ್ರಿ ಸೂಳೇಮಗಂದು," ಅಂದರು. ಬೈಗುಳವೇ, ಆದರೆ ದನಿ ಬೈಯುವವರದಾಗಿರಲಿಲ್ಲ.

ಆಮೇಲೆ ಕರೆದವರಲ್ಲಿ ಒಬ್ಬಿಬ್ಬರು ಯಸ್ ಸರ್ ಅಂದರು. ಅನ್ನಲಿ, ಅವರಿಗೆ ಅವರದೇ ಕಾರಣವಿದ್ದೀತು. ಉಳಿದವರು ಬಂದರು, ಕೇಳಿಸಿಕೊಂಡರು, ಚಂಪಿಯ ಪಕ್ಕ ಹೋಗಿ ನಿಂತರು. ಪ್ರತಿ ಸಲ ಸಾಹೇಬರ ದನಿ ಇನ್ನಷ್ಟು ತೆಳ್ಳಗಾಯಿತು. ಕೊನೆಗೆ ಸೋಡಾ ಕೂಡ ಮುಗಿಸದೆ ಜೀಪು ಹತ್ತಿದರು. ನಾನು ಜೀಪಿನತ್ತ ಓಡಿ, ಬಾನೆಟ್ಟಿಗೆ ಅಡ್ಡ ನಿಂತು, ಅವರ ಮುಖಕ್ಕೇ ಅಂದೆ: "ನೋ ಸರ್! ಏಳನೇ ಇಯತ್ತೇದ್ದು, ನೋ ಸರ್!"

ಅವರಿಗೆ ನನ್ನ ಗುರುತೇ ಹತ್ತಲಿಲ್ಲ. ಕಿಟಕಿಯ ಗಾಜು ಏರಿಸಿದರು.

ನನ್ನ ವಾಕ್ಯ ನನ್ನನ್ನು ಬಿಡಲಿಲ್ಲ. ಅವತ್ತು ಮೈಕಿನ ವೈರು ಸುತ್ತುವಾಗಲೂ ಅರ್ಧ ಸುತ್ತುವಷ್ಟರಲ್ಲಿ ಗಂಟು ಬಿತ್ತು. ಒಮ್ಮೆ ಒಪ್ಪಿಕೊಂಡ ಮಾತು ಅಷ್ಟು ಸುಲಭಕ್ಕೆ ಬಿಡುವುದಿಲ್ಲ, ಗೊತ್ತು. ಇರಲಿ. ಪ್ರತಿ ವರ್ಷ ಅವರ ಜೀಪು ಬರುತ್ತದೆ, ಪ್ರತಿ ವರ್ಷ ನಾನು ಅಡ್ಡ ನಿಲ್ಲುತ್ತೇನೆ. ಬೇರೆಲ್ಲ ಅರ್ಧಕ್ಕೆ ನಿಂತರೂ ಸಿಟ್ಟೊಂದು ನನ್ನ ಕೈಯಲ್ಲಿ ಇಲ್ಲಿಯವರೆಗೆ ಅರ್ಧಕ್ಕೆ ನಿಂತಿಲ್ಲ.

ಗಾಣದ ಮನೆಯವರು ಅವತ್ತು ಸಂಜೆಯೇ ಬೇಡ ಎಂದು ಹೇಳಿ ಕಳಿಸಿದರು. ಅವ್ವ ಒಲೆ ಹೊತ್ತಿಸಿ ರೊಟ್ಟಿಗೆ ಕೂತಳು. ಬಡಿಯುವ ಸದ್ದು ಎಂದಿಗಿಂತ ಜೋರಾಗಿತ್ತು. ಕೊನೆಗೆ ತಲೆ ಎತ್ತದೆ ಕೇಳಿದಳು: "ಊರ ಮಂದಿ ನಾಳೆ ಕೇಳ್ತಾರ. ಏನಂತ ಹೇಳ್ಲಿ ನಿನ್ನ?"

"ಚಂಪಿ ಅಂತ ಹೇಳು," ಅಂದಳು ಚಂಪಿ.

"ಅಷ್ಟ?"

"ಈಗ ಅಷ್ಟ. ಮುಂದ ನೋಡೂಣು."

ಅವ್ವ ನಾಲ್ಕು ತಾಟು ಹಾಕಿ, ಪುಂಡಿಪಲ್ಯ ಬಡಿಸಿ, ರೂಢಿಯಂತೆ "ಉಣ್ಣು" ಅಂದಳು. ಚಿಗವ್ವ ಕೂಡಲೇ ರೊಟ್ಟಿ ಮುರಿದಳು. ಚಂಪಿ ಅವಳ ಪಕ್ಕಕ್ಕೆ ಸರಿದು, ಅವಳ ಕೈಯ ಮೇಲೆ ತನ್ನ ಕೈ ಇಟ್ಟಳು.

"ಚಿಗವ್ವ, ನಿನಗ ಹಸಿವಾಗೇತೇನು?"

ನಮಗೆ ಆಗ ಹೊಳೆಯಿತು. ಕೂಡು, ಏಳು, ಬಾ, ತಾ, ಉಣ್ಣು. ಇಷ್ಟು ವರ್ಷ ನಮ್ಮ ಮನೆಯಲ್ಲಿ ಯಾರೂ ಅವಳನ್ನು ಏನನ್ನೂ ಕೇಳಿರಲಿಲ್ಲ. ಬರೀ ಹೇಳಿದ್ದೆವು. ಹೇಳಿದ್ದಕ್ಕೆ ಮಾಡುವುದು ಅವಳಿಗೆ ಗೊತ್ತಿತ್ತು, ಕೇಳಿದ್ದಕ್ಕೆ ಏನು ಮಾಡಬೇಕೆಂದು ಯಾವ ಸಾಹೇಬನೂ ಅವಳಿಗೆ ಹಚ್ಚಿ ಕಳಿಸಿರಲಿಲ್ಲ. ಅವಳ ಮುಖದ ಮೇಲಿನ ಆ ನಗೆ ಮೆಲ್ಲಗೆ ಸರಿಯಿತು. ಹುಬ್ಬು ಗಂಟಿಕ್ಕಿದಳು. ಯಾವುದೋ ದೂರದ ಕೋಣೆಗೆ ಹೋಗಿ ಹುಡುಕುವವಳಂತೆ ಬಹಳ ಹೊತ್ತು ಕಣ್ಣು ಮುಚ್ಚಿ ಕೂತಳು. ಅವ್ವ ಒಲೆಯ ಮುಂದೆ ಕಟ್ಟಿಗೆ ಹಿಡಿದವಳು ಹಾಗೇ ನೋಡುತ್ತಿದ್ದಳು.

"ಇಲ್ಲ," ಅಂದಳು ಚಿಗವ್ವ, ಮುರಿದ ರೊಟ್ಟಿಯನ್ನು ತಾಟಿನಲ್ಲಿ ವಾಪಸ್ ಇಡುತ್ತ. "ನೀರಡಿಕಿ ಆಗೇತಿ."